ವಿಲ್ಗಾಗೆ ದನಿ ಕೊಟ್ಟವರು

ಪಾನಿ ಲುದ್ವಿಕಾ ಸೊಬೋತಾ ಅವರ ಮನೆಯ ಕರೆಗಂಟೆ ಒತ್ತಿದ ದಿನ ನನ್ನ ಕೋಟಿನ ಜೇಬಿನಲ್ಲಿ ಒಂದು ರೆಕಾರ್ಡರ್ ಇತ್ತು, ತಲೆಯಲ್ಲಿ ಒಂದಿಷ್ಟು ಅಹಂಕಾರ ಇತ್ತು. ಆ ಮೂರನೇ ಮಹಡಿಯ ಬಾಗಿಲು ತೆರೆಯುವ ಮುಂಚೆ ಅವರು ಯಾರು, ನಾನು ಅಲ್ಲಿಗೆ ಹೋದದ್ದು ಯಾಕೆ ಅನ್ನುವುದನ್ನು ಹೇಳಬೇಕು.

ಪಾನಿ ಅನ್ನುವುದು ಹೆಂಗಸರನ್ನು ಗೌರವದಿಂದ ಕರೆಯುವ ನಮ್ಮ ಪೋಲಿಷ್ ಮಾತು; ಗಂಡಸರಿಗಾದರೆ ಪಾನ್. ಅವರದು ರೈಲ್ವೆಯ ಮನೆತನ. ಅಪ್ಪ ಸಿಗ್ನಲ್ ನೋಡಿಕೊಳ್ಳುತ್ತಿದ್ದವರು. ಗಂಡ ಎದ್ಮುಂದ್ ಬೋಗಿ ಜೋಡಿಸುವ ಕೆಲಸದಲ್ಲಿದ್ದು ಐವತ್ತು ದಾಟುವ ಮೊದಲೇ ತೀರಿಕೊಂಡರು. ಮಕ್ಕಳಿರಲಿಲ್ಲ. ಇಪ್ಪತ್ತೆರಡನೇ ವಯಸ್ಸಿಗೆ ಮೈಕಿನ ಮುಂದೆ ಕೂತ ಪಾನಿ ಲುದ್ವಿಕಾ ಮೂವತ್ತೊಂದು ವರ್ಷ ರೈಲುಗಳ ಹೆಸರು ಕರೆದರು. ಮೊದಲು ಉತ್ತರದ ಒಂದು ಸಣ್ಣ ಜಂಕ್ಷನ್ನಿನಲ್ಲಿ, ಆಮೇಲೆ ನಮ್ಮ ಪೊಜ್ನಾನ್ ನಗರದಲ್ಲಿ. ತಗ್ಗಿದ, ಸ್ವಲ್ಪ ಒಣಗಿದ, ಯಾವುದಕ್ಕೂ ಗಾಬರಿಯಾಗದ ದನಿ. ರೈಲು ಎರಡು ಗಂಟೆ ತಡ ಅಂತ ಅವರು ಹೇಳಿದರೆ ಜನ ಸಿಟ್ಟಾಗುವ ಬದಲು ಕೂರುವುದಕ್ಕೆ ಬೆಂಚು ಹುಡುಕುತ್ತಿದ್ದರು. ನಾನು ಕಾಲೇಜಿಗೆ ಓಡಾಡುವಾಗ ದಿನವೂ ಆ ದನಿ ಕೇಳಿದ್ದೇನೆ. ಅದರ ಹಿಂದೆ ಒಬ್ಬ ಹೆಂಗಸು ಕೂತಿದ್ದಾಳೆ ಅಂತ ಒಂದು ದಿನವೂ ಯೋಚಿಸಿದವನಲ್ಲ.

ಆಮೇಲೆ ನಿಲ್ದಾಣಕ್ಕೆ ಯಂತ್ರದ ದನಿ ಬಂತು. ಅವರು ವಿಲ್ದಾ ಬಡಾವಣೆಯ ಮನೆಯಲ್ಲಿ ತಂಗಿ ಫೆಲಿತ್ಸಿಯಾ ಜೊತೆ ಇದ್ದುಬಿಟ್ಟರು. ಫೆಲಿತ್ಸಿಯಾ ಟ್ರಾಮ್ ಓಡಿಸಿ ನಿವೃತ್ತಿಯಾದವರು. ಅಕ್ಕ ಅಳೆದು ಆಡುವ ಮಾತು ತಂಗಿಯ ಬಾಯಲ್ಲಿ ಧಾರಾಳವಾಗಿ ಹರಿಯುತ್ತಿತ್ತು.

ಅದೇ ಬಡಾವಣೆಯಲ್ಲಿ, ಮುಚ್ಚಿಹೋದ ಔಷಧಿ ಅಂಗಡಿಯೊಂದರ ನೆಲಮಾಳಿಗೆಯಲ್ಲಿ, ಆರು ಜನ ಹುಡುಗರು ಸೇರಿ ಒಂದು ಕಂಪ್ಯೂಟರ್ ಆಟ ಕಟ್ಟುತ್ತಿದ್ದರು. ಹೆಸರು ‘ಒಂಬತ್ತನೇ ಬಂದರು’. ಒಬ್ಬನೇ ಪೈಲಟ್, ಒಂದು ಹಳೆಯ ಸರಕು ಹಡಗು, ಜನರೇ ಇಲ್ಲದ ಗ್ರಹಗಳು. ಹಡಗಿನ ಹೆಸರು ವಿಲ್ಗಾ. ನಮ್ಮ ಮಾತಿನಲ್ಲಿ ಹಾಗಂದರೆ ಹೊನ್ನಕ್ಕಿ. ಆಡುವವನ ಜೊತೆ ಮಾತಾಡುವುದು ಆ ಹಡಗು ಒಂದೇ. ಅದಕ್ಕೊಂದು ದನಿ ಬೇಕಿತ್ತು. ಹುಡುಗರ ಮುಖಂಡ ಓಲ್ಗೆರ್ದ್ ಹುಡುಕಿಕೊಂಡು ಪಾನಿ ಲುದ್ವಿಕಾರ ಮನೆಗೆ ಬಂದ. ಆ ದಿನದ ಮಾತನ್ನು ಅವನೇ ಮುಂದೆ ನನಗೆ ಹೇಳಿದ್ದು.

“ಒಂಬತ್ತು ಜನ ನಟಿಯರನ್ನ ಕೇಳಿದ್ವಿ, ಪಾನಿ ಲುದ್ವಿಕಾ. ಎಲ್ರೂ ಹಡಗಿನ ಥರ ಮಾತಾಡಕ್ಕೆ ನೋಡ್ತಾರೆ. ನಮಗೆ ಬೇಕಾಗಿರೋದು ಕೆಲ್ಸ ಮಾಡೋರು ಮಾತಾಡೋ ಥರ.”

“ಹಡಗು ಎಷ್ಟು ಗಂಟೆಗೆ ಹೊರಡತ್ತೆ?”

“ಅದು ನಿಜವಾದ ಹಡಗಲ್ಲ…”

“ಅಷ್ಟು ಗೊತ್ತಾಗಲ್ವೇನಪ್ಪ ನಂಗೆ? ಆದ್ರೂ ಹೊರಡೋ ಹೊತ್ತು ಅಂತ ಒಂದಿರತ್ತಲ್ಲ. ಅದು ಗೊತ್ತಿಲ್ದೆ ಬಾಯಿ ಹೇಗೆ ತೆಗೀಲಿ?”

ಓಲ್ಗೆರ್ದ್ ಹೋಗಿ, ಕೂತು, ಹಡಗಿಗೊಂದು ವೇಳಾಪಟ್ಟಿ ಬರೆದು ತಂದನಂತೆ. ಆಮೇಲೆ ಒಂಬತ್ತು ದಿನ ಅವರ ಮನೆಯ ದೊಡ್ಡ ಬೀರುವಿನಲ್ಲೇ ಧ್ವನಿಮುದ್ರಣ. ಉಣ್ಣೆಯ ಕೋಟುಗಳ ನಡುವೆ ಸದ್ದು ಒಳಗೆ ಬರುವುದಿಲ್ಲ ಅಂತ. “ನಮ್ಮಕ್ಕ ಬೀರುವಿನೊಳಗೆ ಕೂತೇ ನಕ್ಷತ್ರಲೋಕ ಸುತ್ತಿ ಬಂದ್ಲು, ನಾನು ಹೊರಗೆ ಸಾರು ಕುದಿಯೋ ಸದ್ದೂ ಮಾಡೋ ಹಾಗಿರ್ಲಿಲ್ಲ,” ಅನ್ನುತ್ತಿದ್ದರು ಫೆಲಿತ್ಸಿಯಾ.

ಆಟ ಯಾರೂ ಊಹಿಸದಷ್ಟು ದೂರ ಹೋಯಿತು. ನೆಲಮಾಳಿಗೆಯ ಹುಡುಗರು ಗಾಜಿನ ಕಟ್ಟಡದಲ್ಲಿ ಕೂರುವ ಕಂಪನಿಯಾದರು. ಪರದೇಶದವರು ಕೂಡ ತಮ್ಮ ಭಾಷೆಯ ದನಿ ಬಿಟ್ಟು, ಕೆಳಗೆ ಬರುವ ಅಕ್ಷರ ಓದಿಕೊಂಡು, ಪಾನಿ ಲುದ್ವಿಕಾರ ಪೋಲಿಷ್ ಮಾತನ್ನೇ ಕೇಳುತ್ತಿದ್ದರು. ನನ್ನ ಕತೆಯನ್ನೇ ಹೇಳುತ್ತೇನೆ. ನಾನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು. ಹೆಂಡತಿ ಬಿಟ್ಟುಹೋದ ವರ್ಷ ಮನೆಯಲ್ಲಿ ನನಗೆ ಊಟ ಆಯಿತಾ ಅಂತ ಕೇಳುವವರಿರಲಿಲ್ಲ. ವಿಲ್ಗಾ ಕೇಳುತ್ತಿದ್ದಳು. “ಪೈಲಟ್, ಆರು ಗಂಟೆಯಿಂದ ನೀವು ಕೂತಲ್ಲಿಂದ ಎದ್ದಿಲ್ಲ. ಏನಾದರೂ ತಿನ್ನಿ.” ನಾನು ಎದ್ದು ಬ್ರೆಡ್ಡು ಕತ್ತರಿಸುತ್ತಿದ್ದೆ. ಆ ಋಣಕ್ಕೆ ಆಟದ ಅಭಿಮಾನಿಗಳಿಗಾಗಿ ಅಂತರ್ಜಾಲದಲ್ಲಿ ‘ಬಂದರುಕಟ್ಟೆ’ ಅಂತ ಒಂದು ಹರಟೆಕಟ್ಟೆ ಕಟ್ಟಿದೆ. ಹನ್ನೆರಡು ವರ್ಷದಲ್ಲಿ ಅದಕ್ಕೆ ಹನ್ನೊಂದು ಸಾವಿರ ಜನ ಸೇರಿಕೊಂಡರು. ಒಳ್ಳೆಯ ಜನ. ಒಬ್ಬರಿಗೆ ಕಾಯಿಲೆಯಾದರೆ ಇನ್ನೊಬ್ಬರು ಊರು ದಾಟಿ ಹೋಗಿ ನೋಡಿಬರುತ್ತಿದ್ದರು. ಆದರೆ ಆ ಹನ್ನೆರಡು ವರ್ಷದಲ್ಲಿ ಮೂರು ಟ್ರಾಮ್ ನಿಲ್ದಾಣದಾಚೆ ಇದ್ದ ಪಾನಿ ಲುದ್ವಿಕಾರನ್ನು ನೋಡಿ ಬರೋಣ ಅಂತ ನನಗೆ ಅನ್ನಿಸಲಿಲ್ಲ. ನನಗೆ ವಿಲ್ಗಾ ಸಾಕಾಗಿದ್ದಳು.

ಕಳೆದ ವರ್ಷಕ್ಕೆ ಹಿಂದಿನ ವರ್ಷದ ಅಕ್ಟೋಬರ್‌ನಲ್ಲಿ, ಒಂದು ಮಂಗಳವಾರ ಬೆಳಿಗ್ಗೆ ಹತ್ತಕ್ಕೆ, ಆಟದ ಎರಡನೇ ಭಾಗದ ಮೊದಲ ವಿವರ ಹೊರಬಿತ್ತು. ಒಂದು ಚಿತ್ರ, ಮೂರು ಸಣ್ಣ ಪ್ಯಾರಾ. ಕತೆ ನಲವತ್ತು ವರ್ಷ ಮುಂದೆ ನಡೆಯುತ್ತದೆ. ವಿಲ್ಗಾ ಮತ್ತೆ ಬರುತ್ತಾಳೆ. ಕೊನೆಯ ಸಾಲು: ಹಡಗಿಗೆ ಈ ಸಲ ಬಿದ್ಗೋಶ್ಚ್ ಊರಿನ ರಂಗನಟಿ ಕಾಯಾ ವ್ರೋನಾ ದನಿ ಕೊಡುತ್ತಾರೆ, ವಯಸ್ಸು ಇಪ್ಪತ್ತಾರು. ಪಾನಿ ಲುದ್ವಿಕಾರ ಬಗ್ಗೆ ಒಂದಕ್ಷರ ಇರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಕಟ್ಟೆ ಹೊತ್ತಿಕೊಂಡಿತ್ತು.

“ವಿಲ್ಗಾಗೆ ಹೊಸ ಗಂಟಲಂತೆ. ನಾಳೆ ನಮ್ಮಜ್ಜಿಗೂ ಹೊಸ ಮುಖ ಹಾಕಿಸ್ತಾರೆ ಇವ್ರು.”

“ಇಪ್ಪತ್ತಾರು ವರ್ಷದ ಹುಡುಗಿ! ನನ್ನ ಚಳಿಗಾಲದ ಬೂಟು ಅವಳಿಗಿಂತ ಹಿರಿಯದು ಕಣ್ರಯ್ಯ.”

“ಸ್ವಲ್ಪ ತಡೀರಿ, ಇನ್ನೂ ಒಂದ್ ಮಾತೂ ಕೇಳಿಲ್ಲ ನಾವು,” ಅಂತ ಯಾರೋ ಒಬ್ಬ ಬರೆದ. ಅವನಿಗೆ ಬಂದ ಉತ್ತರ: “ಕಂಪನಿಯವ್ರು ಊಟ ಹಾಕಿಸಿದ್ರೇನೋ?”

‘ಡೀಸೆಲ್ ಅತ್ತೆ’ ಅಂತ ಹೆಸರಿಟ್ಟುಕೊಂಡು ಬರೆಯುತ್ತಿದ್ದ ಬೆರ್ನದೇತಾ ಅನ್ನುವ ಹೆಂಗಸು ಶ್ಚೆಚಿನ್ ಕಡೆಯವಳು, ಲಾರಿ ಓಡಿಸುವವಳು. “ಹನ್ನೆರಡು ವರ್ಷ ನನ್ ಪಕ್ಕದ ಸೀಟಲ್ಲಿ ಕೂತಿದ್ದವಳು ವಿಲ್ಗಾ,” ಅಂತ ಬರೆದಳು. “ಅವಳನ್ನ ಇಳಿಸಿದೋರ ಚಕ್ರ ಮುರೀಲಿ.”

ವ್ರೋನಾ ಅಂದರೆ ಕಾಗೆ. ಆ ಹೆಸರು ನಮ್ಮವರ ಕೈಗೆ ಸಿಕ್ಕಿದ್ದೇ ತಡ, “ಹೊನ್ನಕ್ಕಿ ಗೂಡಿಗೆ ಕಾಗೆ ಬಂತು” ಅನ್ನುವ ಗೇಲಿ ಸಂಜೆಯೊಳಗೆ ಎಲ್ಲರ ಬಾಯಲ್ಲೂ ಇತ್ತು. ಕಟ್ಟೆ ಕಾಯಬೇಕಾಗಿದ್ದ ನಾನು ಅದನ್ನು ತೆಗೆದುಹಾಕಲಿಲ್ಲ. ನಾನೂ ನಕ್ಕೆ.

ನಕ್ಕದ್ದು ಮಾತ್ರವಲ್ಲ. ಮಾರನೇ ದಿನ ‘ಮುದುಕಿಯನ್ನು ದಂಡೆಗೆ ಇಳಿಸಿ ಹೊರಟ ಹಡಗು’ ಅಂತ ಒಂದು ಲೇಖನ ಬರೆದೆ. ಆ ದನಿಯ ಮೇಲೆ ಗಾಜಿನ ಕಟ್ಟಡ ಕಟ್ಟಿಕೊಂಡವರು ಈಗ ಆ ಹೆಂಗಸಿಗೆ ಅದರಲ್ಲಿ ಒಂದು ಕುರ್ಚಿಯೂ ಇಲ್ಲ ಅಂದಿದ್ದಾರೆ ಅಂತ ಬರೆದೆ. ಯಾರನ್ನೂ ಕೇಳಿರಲಿಲ್ಲ. ಬರೆಯುವಾಗ ಕೈ ಬಿಸಿಯಾಗಿತ್ತು, ಅದನ್ನೇ ಸತ್ಯ ಅಂದುಕೊಂಡೆ. ವಾರದೊಳಗೆ ಅದು ಆರು ಭಾಷೆಗೆ ಹೋಯಿತು. ನಾನು ಬರೆದ ಯಾವುದನ್ನೂ ಅಷ್ಟು ಜನ ಓದಿರಲಿಲ್ಲ; ಹಿಗ್ಗಿದೆ.

ಕಂಪನಿ ಬಾಯಿ ಬಿಡಲಿಲ್ಲ. ಏಟೆಲ್ಲ ಕಾಯಾಗೆ ಬಿತ್ತು. ಬಿದ್ಗೋಶ್ಚ್‌ನಲ್ಲಿ ಆಕೆ ಮಕ್ಕಳ ನಾಟಕವೊಂದರಲ್ಲಿ ಪಾತ್ರ ಮಾಡುತ್ತಿದ್ದಳು. ಒಂದು ಭಾನುವಾರ ಹಿಂದಿನ ಸಾಲಿನಲ್ಲಿ ನಾಲ್ಕು ಜನ ದೊಡ್ಡವರು ಕೂತು, ಆಕೆ ಬಾಯಿ ತೆರೆದಾಗಲೆಲ್ಲ “ಕಾ ಕಾ” ಅಂದರಂತೆ. ಮಕ್ಕಳು ಇದೂ ನಾಟಕವೇ ಅಂದುಕೊಂಡು ತಾವೂ “ಕಾ ಕಾ” ಅಂದವಂತೆ. ಯಾರೋ ಆಕೆಯ ತಾಯಿಯ ಫೋನ್ ನಂಬರನ್ನೂ ಹುಡುಕಿದರು.

ಅದನ್ನು ಓದಿದಾಗ ನನಗೆ ಇರಿಸುಮುರಿಸಾಯಿತು. ಆದರೆ ಆ ಇರಿಸುಮುರಿಸಿಗೆ ನಾನು ಕಂಡುಕೊಂಡ ಪರಿಹಾರ ನೋಡಿ: ಪಾನಿ ಲುದ್ವಿಕಾರ ಬಾಯಿಂದಲೇ ಕಂಪನಿಯ ವಿರುದ್ಧ ಎರಡು ಮಾತು ಹೇಳಿಸಿದರೆ ಜನ ಹುಡುಗಿಯನ್ನು ಬಿಟ್ಟು ಕಂಪನಿಯನ್ನು ಹಿಡಿಯುತ್ತಾರೆ. ಹಾಗಾಗಿ ರೆಕಾರ್ಡರ್ ಇಟ್ಟುಕೊಂಡು ಹೊರಟೆ.

ಬಾಗಿಲು ತೆಗೆದದ್ದು ಫೆಲಿತ್ಸಿಯಾ.

“ಯಾರು ಬೇಕು?”

“ಪಾನಿ ಲುದ್ವಿಕಾ ಅವರನ್ನ ನೋಡ್ಬೇಕಿತ್ತು. ನಾನು ತಿಮೋನ್, ಬಂದರುಕಟ್ಟೆ…”

“ಓಹೋ, ಪಾನ್ ತಿಮೋನ್! ಬೆಂಕಿ ಹಚ್ಚೋನು ಮೀಸೆ ಇಟ್ಕೊಂಡಿರ್ತಾನೆ ಅಂದ್ಕೊಂಡಿದ್ದೆ. ಬೂಟು ಬಿಚ್ಚು, ನೆಲ ಒರೆಸಿದೀನಿ. ಆ ಚಪ್ಪಲಿ ಹಾಕ್ಕೊಂಡು ಬಾ.”

ಅಡುಗೆಮನೆಯಲ್ಲಿ ಪಾನಿ ಲುದ್ವಿಕಾ ಆಲೂಗಡ್ಡೆ ಸುಲಿಯುತ್ತಾ ಕೂತಿದ್ದರು. ಸಣ್ಣ ಮೈಕಟ್ಟು, ಕತ್ತರಿಸಿದ ಬಿಳಿಗೂದಲು, ಕುತ್ತಿಗೆಗೆ ನೀಲಿ ಸ್ಕಾರ್ಫ್. ನನ್ನನ್ನು ನೋಡಿ ತಲೆಯಾಡಿಸಿದರು, ಮಾತಾಡಲಿಲ್ಲ. ನಾನು ಬಾಯಿಪಾಠ ಮಾಡಿಕೊಂಡು ಬಂದದ್ದನ್ನೆಲ್ಲ ಒಪ್ಪಿಸಿದೆ. ಅನ್ಯಾಯ ಅಂದೆ, ಹನ್ನೊಂದು ಸಾವಿರ ಜನ ನಿಮ್ಮ ಬೆನ್ನಿಗಿದ್ದಾರೆ ಅಂದೆ. ರೆಕಾರ್ಡರನ್ನು ಆಲೂಗಡ್ಡೆ ಬಟ್ಟಲಿನ ಪಕ್ಕ ಇಟ್ಟು, “ಎರಡೇ ಎರಡು ಮಾತು ಹೇಳಿ ಸಾಕು,” ಅಂದೆ.

ಅವರು ಚಾಕು ಕೆಳಗಿಟ್ಟರು. ಕೈ ಒರೆಸಿಕೊಂಡು, ಸ್ಕಾರ್ಫಿನ ಗಂಟು ಬಿಚ್ಚಿದರು.

ಕುತ್ತಿಗೆಯ ಕೆಳಗೆ, ಎರಡು ಎಲುಬು ಕೂಡುವ ಕಡೆ, ಒಂದು ರಂಧ್ರ ಇತ್ತು. ಉಸಿರು ಅದರ ಮೂಲಕವೇ ಸಣ್ಣಗೆ ಸಿಳ್ಳಿಡುತ್ತಾ ಹೋಗಿ ಬರುತ್ತಿತ್ತು. ನಾನು ರೆಕಾರ್ಡರಿನ ಕೆಂಪು ದೀಪ ಆರಿಸಬೇಕು ಅಂತ ಕೈ ಚಾಚಿದೆ. ಗುಂಡಿ ಎಲ್ಲಿದೆ ಅಂತ ತಿಳಿಯಲಿಲ್ಲ.

ಅವರು ಮೇಜಿನ ಮೇಲಿದ್ದ ಪುಟ್ಟ ಬರೆಯುವ ಹಲಗೆ ಎಳೆದುಕೊಂಡು ಬರೆದರು: “ಕೂತುಕೊಳ್ಳಿ. ಚಹಾಕ್ಕೆ ನಿಂಬೆ ಹಾಕಲಾ?”

ಉಳಿದದ್ದನ್ನು ಫೆಲಿತ್ಸಿಯಾ ಹೇಳಿದರು. ತಪ್ಪಿದ ಕಡೆ ಅಕ್ಕ ಹಲಗೆಯ ಮೇಲೆ ತಿದ್ದಿದರು. ಐದು ವರ್ಷದ ಹಿಂದೆ ಗಂಟಲಿನ ಕ್ಯಾನ್ಸರ್ ಅಂತ ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದರು. ಕುತ್ತಿಗೆಗೆ ಒತ್ತಿ ಮಾತಾಡುವ ಯಂತ್ರ ಕೊಟ್ಟಿದ್ದರು. ಎರಡು ದಿನ ಬಳಸಿ, ಡಬ್ಬದೊಳಗೆ ಜೀರುಂಡೆ ಕೂಗಿದ ಹಾಗಿದೆ ಅಂತ ಎತ್ತಿಟ್ಟರು. ಎರಡನೇ ಭಾಗದ ಕೆಲಸ ಶುರುವಾದಾಗ ಓಲ್ಗೆರ್ದ್ ಮೊದಲು ಬಂದದ್ದು ಇಲ್ಲಿಗೇ. ಹಳೆಯ ಧ್ವನಿಮುದ್ರಣದಿಂದ ಯಂತ್ರವೇ ಅವರ ದನಿಯನ್ನು ಮತ್ತೆ ಕಟ್ಟಬಹುದು, ಏನು ಬೇಕಾದರೂ ಹೇಳಿಸಬಹುದು, ನೀವು ಒಪ್ಪಿದರೆ ಸಾಕು ಅಂದ. ಕಣ್ಣಲ್ಲಿ ನೀರು ತುಂಬಿಕೊಂಡು ಕೇಳಿದನಂತೆ. ಅವರು ಒಪ್ಪಲಿಲ್ಲ.

“ಯಾಕೆ?” ಅಂದೆ. “ಒಪ್ಪಿದ್ರೆ ಎಲ್ಲರಿಗೂ ಖುಷಿಯಾಗ್ತಿತ್ತಲ್ಲ.”

ಪಾನಿ ಲುದ್ವಿಕಾ ತಂಗಿಯ ಕಡೆ ನೋಡಿದರು. “ಆ ಜಂಕ್ಷನ್ ಕತೆ ಹೇಳ್ಲಾ?” ಅಂದರು ಫೆಲಿತ್ಸಿಯಾ. ಅಕ್ಕ ತಲೆಯಾಡಿಸಿದರು.

ಎಂಬತ್ತೇಳರ ಜನವರಿ. ಆ ಚಳಿ ನಮ್ಮ ಹಿರಿಯರಿಗೆಲ್ಲ ನೆನಪಿದೆ. ರೈಲೊಂದು ಹಿಮದಲ್ಲಿ ಎಲ್ಲೋ ಸಿಕ್ಕಿಕೊಂಡಿತ್ತು, ಎಲ್ಲಿ ಅಂತ ಯಾರಿಗೂ ತಿಳಿದಿರಲಿಲ್ಲ. ಜನ ಗಲಾಟೆ ಮಾಡಬಾರದು ಅಂತ ಮೇಲಿನವನು ಒಬ್ಬ ಚೀಟಿ ಕಳಿಸಿದ: ಹತ್ತು ನಿಮಿಷದಲ್ಲಿ ಬರುತ್ತದೆ ಅಂತ ಹೇಳು. ಅವರು ಹೇಳಿದರು. ಹತ್ತು ನಿಮಿಷವಾದ ಮೇಲೆ ಮತ್ತೆ ಹತ್ತು ನಿಮಿಷ ಅಂದರು. ಹೀಗೆ ನಾಲ್ಕು ಸಲ. ಆ ದನಿಯನ್ನು ನಂಬಿ ಜನ ಬೆಚ್ಚಗಿನ ಕೋಣೆ ಬಿಟ್ಟು ಪ್ಲಾಟ್‌ಫಾರಮ್ಮಿಗೆ ಬಂದು ನಿಂತರು. ಮಗಳನ್ನು ನೋಡಲು ಹೊರಟಿದ್ದ ಒಬ್ಬ ಮುದುಕ ಕೈಚೀಲ ಹಿಡಿದುಕೊಂಡೇ ಬಿದ್ದ, ಏಳಲಿಲ್ಲ. ಆವತ್ತಿನಿಂದ, ಸಿಗ್ನಲ್ ಕೋಣೆಗೆ ತಾವೇ ಫೋನ್ ಮಾಡಿ ಕೇಳದೆ ಪಾನಿ ಲುದ್ವಿಕಾ ಒಂದು ರೈಲನ್ನೂ ಕರೆಯಲಿಲ್ಲ. ಅದಕ್ಕೆ ಎರಡು ಸಲ ಬಡ್ತಿ ತಪ್ಪಿತು.

ಅವರು ಹಲಗೆ ನನ್ನ ಕಡೆ ತಿರುಗಿಸಿದರು: “ನಾನು ಸತ್ತ ಮೇಲೂ ಅದು ನನ್ನ ದನಿಯಲ್ಲಿ ಮಾತಾಡುತ್ತದೆ. ಏನು ಹೇಳುತ್ತದೋ ನನಗೆ ತಿಳಿಯುವುದಿಲ್ಲ. ಜನ ನಂಬುತ್ತಾರೆ.”

ಅಳಿಸಿ, ಮತ್ತೆ ಬರೆದರು: “ಕಾಯಾಳನ್ನು ಆರಿಸಿದವಳು ನಾನೇ. ಹನ್ನೊಂದು ಜನರ ದನಿ ಕೇಳಿದ ಮೇಲೆ.”

ಕಾಯಿಲೆಯ ಸುದ್ದಿ ಹೊರಗೆ ಹೇಳಬೇಡಿ ಅಂತ ಕಂಪನಿಯವರಿಂದ ಅವರು ಮಾತು ತೆಗೆದುಕೊಂಡಿದ್ದರು. ಕಂಪನಿ ಮೌನವಾಗಿದ್ದದ್ದು ಅದಕ್ಕೆ. ನಾನು ಅದನ್ನು ಸೊಕ್ಕು ಅಂತ ಬರೆದಿದ್ದೆ.

“ಈಗ್ಲೇ ಎಲ್ಲರಿಗೂ ಹೇಳ್ಬಿಡ್ತೀನಿ,” ಅಂತ ಎದ್ದೆ.

“ಬೇಡ,” ಅಂತ ದೊಡ್ಡದಾಗಿ ಬರೆದರು. ಕೆಳಗೆ: “ನನ್ನ ಗಂಟಲು ಸಂತೆಯಲ್ಲಿಡುವ ಸಾಮಾನಲ್ಲ.”

“ಮತ್ತೆ ನಾನೇನು ಮಾಡ್ಲಿ?”

“ಕೇಳ್ತಾನೆ ನೋಡು!” ಅಂದರು ಫೆಲಿತ್ಸಿಯಾ. “ಬೆಂಕಿ ಹಚ್ಚಿದೋನು ನೀನು. ನೀರು ನಮ್ಮಕ್ಕ ಹೊರ್ಬೇಕಾ?”

ಅಂಗಡಿಗೆ ವಾಪಸು ಹೋಗಿ, ನನ್ನ ಲೇಖನ ತೆಗೆದುಹಾಕಿ, ನಾಲ್ಕು ಸಾಲು ಬರೆದೆ: ನಾನು ಬರೆದದ್ದು ಸುಳ್ಳು. ಕಾರಣ ಹೇಳಲಾರೆ. ಕಾಯಾ ವ್ರೋನಾರನ್ನು ಗೇಲಿ ಮಾಡುವ ಮಾತು ಇನ್ನು ಇಲ್ಲಿ ಇರುವುದಿಲ್ಲ. ಪೊಜ್ನಾನಿನವರನ್ನು ದೇಶವೆಲ್ಲ ಆಲೂಗಡ್ಡೆ ಅಂತ ಆಡಿಕೊಳ್ಳುತ್ತದೆ. “ನಮ್ಮ ಆಲೂಗಡ್ಡೆಯನ್ನ ಕಂಪನಿಯವ್ರು ಬೇಯಿಸಿ ತಿಂದ್ರು” ಅಂತ ಮೊದಲ ಉತ್ತರ ಬಂತು. ಹನ್ನೆರಡು ವರ್ಷದ ಗೆಳೆಯರು ನನ್ನನ್ನು ಮಾರಿಕೊಂಡವನು ಅಂದರು. ಮೂರು ಸಾವಿರ ಜನ ಬಿಟ್ಟುಹೋಗಿ ಬೇರೆ ಕಡೆ ಸೇರಿಕೊಂಡರು. ಗೇಲಿ ನಿಲ್ಲಲಿಲ್ಲ, ಜಾಗ ಬದಲಾಯಿಸಿತು ಅಷ್ಟೇ.

ನವೆಂಬರ್ ಕೊನೆಗೆ ಕಾಯಾ ತಾನೇ ವಿಲ್ದಾದ ಅವರ ಮನೆಗೆ ಬಂದಳಂತೆ. ಕೋಟನ್ನೂ ಬಿಚ್ಚದೆ ಅಡುಗೆಮನೆಯಲ್ಲಿ ನಿಂತು ಹೇಳಿದಳಂತೆ: “ನನ್ ಕೈಲಾಗಲ್ಲ, ಪಾನಿ ಲುದ್ವಿಕಾ. ನನ್ನನ್ನ ಬೈದ್ರೆ ತಡ್ಕೋತೀನಿ. ಅಮ್ಮ ಫೋನ್ ರಿಂಗಾದ್ರೆ ಬಚ್ಚಲಿಗೆ ಹೋಗಿ ಕೂರ್ತಾಳೆ. ಬಿಟ್ಬಿಡ್ತೀನಿ.”

ಪಾನಿ ಲುದ್ವಿಕಾ ಹಲಗೆಯನ್ನು ಪಕ್ಕಕ್ಕಿಟ್ಟು ತಂಗಿಯ ಹತ್ತಿರ ಕಾಗದ, ಪೆನ್ನು ಕೇಳಿದರು.

ಮರುದಿನ ಫೆಲಿತ್ಸಿಯಾ ನನ್ನ ಅಂಗಡಿಗೆ ಬಂದರು. ಗಿರಾಕಿಗಳನ್ನೆಲ್ಲ ದಾಟಿಕೊಂಡು ನೇರ ನನ್ನ ಮೇಜಿಗೆ ಬಂದು ಮಡಿಸಿದ ಕಾಗದ ಇಟ್ಟರು. “ಇದನ್ನ ಹಾಗೇ ಚಿತ್ರ ತೆಗ್ದು ಹಾಕು. ಒಂದಕ್ಷರ ಸೇರಿಸಿದ್ಯೋ, ಈ ಕನ್ನಡಕಾನೆಲ್ಲ ತುಳಿದು ಪುಡಿ ಮಾಡ್ತೀನಿ.” ಹೊರಡುವಾಗ ಬಾಗಿಲಲ್ಲಿ ನಿಂತರು. “ಅವಳಿಗೆ ಇಷ್ಟ ಇರ್ಲಿಲ್ಲ ಕಣೋ ಇದು. ಒಂದ್ಸಲಾನೂ ಯಾರ ಮುಂದೂ ಆ ಸ್ಕಾರ್ಫ್ ಬಿಚ್ಚಿದವಳಲ್ಲ. ನಿನ್ನ ಮುಂದೆ ಬಿಟ್ಟು.”

ಕಾಗದದಲ್ಲಿ ಇದ್ದದ್ದು ಇಷ್ಟು:

“ನಾನು ಲುದ್ವಿಕಾ ಸೊಬೋತಾ. ಐದು ವರ್ಷದ ಹಿಂದೆ ನನ್ನ ಧ್ವನಿಪೆಟ್ಟಿಗೆ ತೆಗೆದರು. ನನಗೆ ಮಾತು ಬರುವುದಿಲ್ಲ. ನನ್ನನ್ನು ಯಾರೂ ಇಳಿಸಿಲ್ಲ. ಯಂತ್ರದಿಂದ ನನ್ನ ದನಿ ಮಾಡುವುದು ಬೇಡ ಅಂದವಳು ನಾನು. ಕಾಯಾಳನ್ನು ಆರಿಸಿದವಳು ನಾನು. ಮೂವತ್ತೊಂದು ವರ್ಷ ನನ್ನ ಮಾತು ನಂಬಿ ನೀವು ರೈಲು ಹತ್ತಿದ್ದೀರಿ, ಇದನ್ನೂ ನಂಬಿ. ಅವಳ ತಾಯಿಗೆ ಫೋನ್ ಮಾಡಬೇಡಿ.”

ಅದನ್ನು ಹಾಕಿದ ಮೇಲೆ ನಲವತ್ತು ನಿಮಿಷ ಕಟ್ಟೆಯಲ್ಲಿ ಯಾರೂ ಏನೂ ಬರೆಯಲಿಲ್ಲ. ಹನ್ನೆರಡು ವರ್ಷದಲ್ಲಿ ಅಂಥ ನಲವತ್ತು ನಿಮಿಷ ನಾನು ಕಂಡಿರಲಿಲ್ಲ. ಮೊದಲು ಬಂದದ್ದು ಬೆರ್ನದೇತಾ. “ನಾನು ಬರೆದಿದ್ದನ್ನ ಅಳಿಸಲ್ಲ,” ಅಂದಳು. “ನಾಚಿಕೆ ಅಲ್ಲೇ ಬಿದ್ದಿರ್ಲಿ, ಬಂದೋರು ಹೋದೋರು ನೋಡ್ಲಿ.” ಆಮೇಲೆ ಒಬ್ಬೊಬ್ಬರಾಗಿ ಬಂದರು. ಎಲ್ಲರೂ ಅಲ್ಲ. ಕೈಬರಹ ಸುಳ್ಳು, ಕಂಪನಿಯವರ ನಾಟಕ ಅಂದವರಿದ್ದರು. ಒಬ್ಬ ಆಸ್ಪತ್ರೆಯ ಕಾಗದ ತೋರಿಸಲಿ ಅಂದ. ಅವನನ್ನು ಹೊರಗೆ ಹಾಕಿದೆ. ಅದು ನಾನು ಎರಡು ತಿಂಗಳ ಹಿಂದೆಯೇ ಕಲಿಯಬೇಕಾಗಿದ್ದ ಕೆಲಸ.

ಕಾಯಾ ಬಿಡಲಿಲ್ಲ. ಚಳಿಗಾಲವಿಡೀ ಧ್ವನಿಮುದ್ರಣದ ಕೋಣೆಯಲ್ಲಿ ಗಾಜಿನಾಚೆ ಪಾನಿ ಲುದ್ವಿಕಾ ಕೂತಿರುತ್ತಿದ್ದರಂತೆ. ಸರಿಯಾಗದಿದ್ದರೆ ಪೆನ್ಸಿಲಿನಿಂದ ಮೇಜಿಗೆ ಒಂದು ಸಲ ಬಡಿಯುತ್ತಿದ್ದರು. ಮೊದಮೊದಲು ಕಾಯಾ ಅವರ ಹಳೆಯ ದನಿಯನ್ನೇ ಅನುಕರಿಸಲು ನೋಡಿದಳು. ಪೆನ್ಸಿಲು ಬಡಿಯಿತು. ಹಲಗೆ ಎತ್ತಿ ತೋರಿಸಿದರು: “ನನ್ನ ಹಾಗೆ ಬೇಡ. ರೈಲು ಎಲ್ಲಿದೆ ಅಂತ ನೀನೇ ಕೇಳಿ ತಿಳಿದುಕೊಂಡಿದ್ದೀಯ, ಅದನ್ನು ಹೇಳುತ್ತಿದ್ದೀಯ. ಅಷ್ಟೇ.”

ಕಾಯಾಳನ್ನು ನಾನು ಕಂಡದ್ದು ಒಂದೇ ಸಲ, ಅವರ ಮನೆಯ ಮೆಟ್ಟಿಲ ಮೇಲೆ, ಈಸ್ಟರ್ ಹತ್ತಿರ. ಹೆಸರು ಹೇಳಿಕೊಂಡು, ಕ್ಷಮಿಸಿ ಅಂದೆ.

“ಆ ಲೇಖನ ಬರೆದೋರು ನೀವೇನಾ?”

“ಹೌದು.”

“ಚೆನ್ನಾಗಿ ಬರೀತೀರ. ನಂಗೇ ನನ್ನ ಮೇಲೆ ಸಿಟ್ಟು ಬಂತು ಓದಿ,” ಅಂದಳು. ಕೋಟಿನ ಗುಂಡಿ ಹಾಕಿಕೊಂಡು ಇಳಿದುಹೋದಳು. ಕ್ಷಮಿಸಿದೆ ಅನ್ನಲಿಲ್ಲ. ಅನ್ನಬೇಕಾಗಿಯೂ ಇರಲಿಲ್ಲ. ಆ ವಾರವೇ ಕಟ್ಟೆಯ ಕಾವಲನ್ನು ಬೇರೆಯವರಿಗೆ ಒಪ್ಪಿಸಿದೆ.

ಈ ವರ್ಷದ ಫೆಬ್ರವರಿಯಲ್ಲಿ, ಆಟ ಹೊರಬರುವುದಕ್ಕೆ ನಾಲ್ಕು ತಿಂಗಳಿರುವಾಗ, ಪಾನಿ ಲುದ್ವಿಕಾ ತೀರಿಕೊಂಡರು. ಕಾಯಿಲೆ ಶ್ವಾಸಕೋಶಕ್ಕೆ ಇಳಿದಿತ್ತು. ಮಣ್ಣಿಗೆ ಕಟ್ಟೆಯ ಜನ ಅರವತ್ತರಷ್ಟು ಬಂದಿದ್ದರು. ಒಬ್ಬರನ್ನೊಬ್ಬರು ಕಂಡಿರದವರು, ಹೆಸರು ಕೇಳಿ ಗುರುತು ಹಿಡಿಯುತ್ತಿದ್ದರು. ಒಬ್ಬ ಸಣ್ಣ ಸ್ಪೀಕರ್ ತಂದಿದ್ದ. ಶವಪೆಟ್ಟಿಗೆ ಇಳಿಸುವಾಗ ಆಟದಿಂದ ಅವರ ದನಿಯನ್ನು ಹಾಕಲೇ ಅಂತ ಫೆಲಿತ್ಸಿಯಾರನ್ನು ಕೇಳಿದ.

“ನಮ್ಮಕ್ಕ ಆರೂವರೆ ವರ್ಷ ಬಾಯಿ ಮುಚ್ಕೊಂಡು ಬದುಕಿದಾಳೆ ಕಣಪ್ಪ,” ಅಂದರು ಫೆಲಿತ್ಸಿಯಾ. “ಇವತ್ತೊಂದಿನ ನೀವೂ ಮುಚ್ಕೊಂಡಿರಿ.”

ಹಾಗೇ ನಿಂತೆವು. ಹಿಮ ಇರಲಿಲ್ಲ, ಗಾಳಿ ಇತ್ತು. ಕಾಯಾ ತನ್ನ ತಾಯಿಯ ಕೈ ಹಿಡಿದುಕೊಂಡು ಆಚೆ ಬದಿಯಲ್ಲಿ ನಿಂತಿದ್ದಳು. ನಮ್ಮವರು ಕೆಲವರು ಅವರಿಗೆ ದಾರಿ ಬಿಟ್ಟು ಹಿಂದೆ ಸರಿದರು, ತಲೆ ತಗ್ಗಿಸಿದರು. ಯಾರೂ ಹತ್ತಿರ ಹೋಗುವ ಧೈರ್ಯ ಮಾಡಲಿಲ್ಲ.

ಮಣ್ಣಿನೂಟಕ್ಕೆ ಫೆಲಿತ್ಸಿಯಾ ಎಲ್ಲರನ್ನೂ ಕರೆದರು. ಹತ್ತಿರದ ಹೋಟೆಲಿನಲ್ಲಿ ಮೇಜು ಸಾಲದೆ ಅರ್ಧ ಜನ ನಿಂತೇ ಹುಳಿಸಾರು ಕುಡಿದರು. ಬೆರ್ನದೇತಾ ಫೆಲಿತ್ಸಿಯಾರ ಎದುರು ಕೂತಿದ್ದಳು. ದಪ್ಪ ಹೆಂಗಸು, ಲಾರಿ ಸ್ಟೀರಿಂಗ್ ಹಿಡಿದು ಗಟ್ಟಿಯಾದ ಕೈ. ಚಮಚ ಮುಟ್ಟದೆ ಅಳುತ್ತಿದ್ದಳು. ಫೆಲಿತ್ಸಿಯಾ ಅವಳ ಬಟ್ಟಲು ಮುಂದಕ್ಕೆ ತಳ್ಳಿದರು.

“ತಿನ್ನು ಮೊದ್ಲು. ತಿಂದು ಹೇಳು. ಅಲ್ಲಿ ಒಳಗೆ, ಆ ಆಟದಲ್ಲಿ, ಅವಳು ನಿಂಗೆ ಏನ್ ಹೇಳ್ತಿದ್ಲು? ನಾನು ಒಂದ್ಸಲಾನೂ ನೋಡ್ಲಿಲ್ಲ.”

ಬೆರ್ನದೇತಾ ಮೂಗು ಒರೆಸಿಕೊಂಡಳು. “ಜಾಸ್ತಿ ಏನಿಲ್ಲ, ಪಾನಿ ಫೆಲಿತ್ಸಿಯಾ. ಎಲ್ಲಿಗ್ ಹೋಗ್ತಿದೀವಿ, ಎಷ್ಟ್ ಹೊತ್ತಾಗತ್ತೆ, ಇಷ್ಟೇ ಹೇಳೋರು. ಒಂದೊಂದ್ಸಲ, ಹೊರಗೆ ಏನೂ ಕಾಣದೆ ಇದ್ದಾಗ, ನಾನು ನೋಡ್ತಿದೀನಿ, ನೀವು ಮಲಗಿ ಅನ್ನೋರು.”

“ಅಷ್ಟೇನಾ?”

“ಅಷ್ಟೇ.”

ಫೆಲಿತ್ಸಿಯಾ ಕುರ್ಚಿ ಹತ್ತಿರ ಎಳೆದುಕೊಂಡರು. “ಹೊರಗೆ ಏನೂ ಕಾಣ್ದೆ ಇರೋದು ಯಾವಾಗ? ಅದನ್ನ ಮೊದ್ಲಿಂದ ಹೇಳು,” ಅಂದರು.